ಕನ್ನಡ ಥೀಸಿಸ್ ಫಾರ್ಮ್ಯಾಟಿಂಗು, ಬರೀ ಎನ್‌ವಿಡಿಎ ಇಟ್ಕೊಂಡು

ಈ ಸಲದ್ದು ಒಂದೇ ಪ್ರಿಂಟಿಗೆ ಓಕೆ ಆಯ್ತು, ಪರದೆ ಮೇಲಿರೋದನ್ನ ಓದಿ ಹೇಳೋ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಕೇಳ್ಕೊಂಡೇ ಮಾಡಿದ್ದು. ಜಾನಪದದ ಮೇಲಿನ ಪಿಎಚ್‌ಡಿ ಥೀಸಿಸ್ಸು, 280 ಪುಟದ ಆಸುಪಾಸು, ಅಡಿಟಿಪ್ಪಣಿನೇ ನಾನೂರರ ಮೇಲೆ, ಕೋಷ್ಟಕ ಒಂದಿಪ್ಪತ್ತೈದು, ಮಧ್ಯೆ ಮಧ್ಯೆ ತ್ರಿಪದಿಗಳು ಬೇರೆ. ಗೈಡ್ ಮೇಷ್ಟ್ರು ಪುಟ ಎಲ್ಲಾ ತಿರುವಿ ಹಾಕಿ "ಯಾವ ಡಿಟಿಪಿಲಿ ಮಾಡಿಸ್ದೆ, ನಮ್ ಇನ್ನೊಬ್ಬ ಹುಡುಗಂಗೂ ಹೇಳು" ಅಂದ್ರಂತೆ. ನನ್ನಂಥ ಪೂರ್ತಿ ಕಣ್ಣು ಕಾಣದವನು ಮಾಡಿದ್ದು ಅಂತ ಹೇಳಿದ್ಯಾ ಅಂತ ಥೀಸಿಸ್ ಹುಡುಗನ್ನ ಕೇಳ್ದೆ, ಹೇಳಿಲ್ಲ ಸಾರ್ ಅಂದ. ಇರ್ಲಿ, ಹೇಳದೇ ಇದ್ದಿದ್ದೇ ಒಳ್ಳೇದಾಯ್ತು, ಹೇಳಿದ್ರೆ ಆಮೇಲೆ ಇಲ್ಲದ ತಪ್ಪೂ ಕಾಣ್ಸುತ್ತೆ.

ಇದನ್ನ ಬರೀತಿರೋದು ಯಾಕೆ ಅಂದ್ರೆ ನಮ್ಮವರೇ ಎಷ್ಟೋ ಜನ ನಂಗೆ ಬುದ್ಧಿ ಹೇಳಿದ್ರು. ಟೈಪಿಂಗ್ ಮಾಡ್ಕೋ, ಫಾರ್ಮ್ಯಾಟಿಂಗ್ ಕಣ್ಣಿರೋರಿಗೆ ಬಿಡು, ಅದು ನೋಡೋ ಕೆಲಸ ಅಂತ. ಮೈಸೂರಲ್ಲಿ ಯೂನಿವರ್ಸಿಟಿ ಸುತ್ತಮುತ್ತ ಥೀಸಿಸ್ ಟೈಪಿಂಗಿಗೇನು ಬರ ಇಲ್ಲ, ಆದ್ರೆ ಟೈಪಿಂಗಿಗೆ ಸಿಗೋದು ಪುಟಕ್ಕೆ 20, 25 ರೂಪಾಯಿ, ಅದರಲ್ಲಿ ಐದಾರು ರೂಪಾಯಿ ಅಲೈನ್‌ಮೆಂಟ್ ಮಾಡೋ ಹುಡುಗನಿಗೆ ಹೋಗ್ತಿತ್ತು, ಅವನು ಪರೀಕ್ಷೆ ಟೈಮಲ್ಲಿ ಫೋನ್ ಎತ್ತಲ್ಲ, ಪಾರ್ಟಿ ಇಲ್ಲಿ ನನ್ನ ತಲೆ ತಿಂತಾನೆ.

ಶಾರ್ಟ್‌ಕಟ್ ಪಾಠ ಎಲ್ಲ ಮಾಡಲ್ಲ, ಕಂಟ್ರೋಲ್ ಇ ಒತ್ತಿದ್ರೆ ಸೆಂಟರ್ ಆಗುತ್ತೆ, ಎನ್‌ವಿಡಿಎ ಕೀ ಜೊತೆ ಎಫ್ ಒತ್ತಿದ್ರೆ ಫಾಂಟು ಸೈಜು ಹೇಳುತ್ತೆ ಅನ್ನೋದು ನಿಮಗೆಲ್ಲ ಗೊತ್ತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, 15 ಸಾವಿರದ ಒಳಗೇ ಬಂತು, ಎನ್‌ವಿಡಿಎ ಫ್ರೀ, ಕನ್ನಡಕ್ಕೆ ಅದರ ಜೊತೆಗೇ ಬರೋ ಈಸ್ಪೀಕ್ ಅನ್ನೋ ಧ್ವನಿ. ದುಡ್ಡು ಕೊಟ್ಟು ತಗೋಬೇಕಾದ ಜಾಸ್ ಅನ್ನೋ ಸ್ಕ್ರೀನ್ ರೀಡರ್ ಕಡೆ ನಾನು ತಲೆ ಹಾಕಿ ಮಲಗಿಲ್ಲ, ಆ ದುಡ್ಡು ಇದ್ದಿದ್ರೆ ಪ್ರಿಂಟರ್ ತಗೋತಿದ್ದೆ. ಈಸ್ಪೀಕ್ ಕನ್ನಡ ಡಬ್ಬದೊಳಗಿಂದ ಮಾತಾಡ್ದಂಗೆ ಇರುತ್ತೆ, ಪಾರ್ಟಿ ಪಕ್ಕದಲ್ಲಿ ಕೂತಿದ್ರೆ ಹೆದರ್ಕೋತಾರೆ, ಆದ್ರೆ ಸ್ಪೀಡ್ ಹೆಚ್ಚು ಮಾಡಿದ್ರೂ ಒಂದು ಅಕ್ಷರ ನುಂಗಲ್ಲ, ನಂಗೆ ಬೇಕಾಗಿದ್ದು ಅಷ್ಟೇ.

ಮೊದಮೊದಲು ಎಲ್ಲರ ಥರ ನಾನೂ ಸೆಲೆಕ್ಟ್ ಮಾಡೋದು, ಬೋಲ್ಡ್ ಮಾಡೋದು, ಸೈಜ್ ಏರಿಸೋದು ಮಾಡ್ತಿದ್ದೆ. 30 ಪುಟದ ಪ್ರಾಜೆಕ್ಟ್ ರಿಪೋರ್ಟಿಗೆ ನಡೆಯುತ್ತೆ. ಥೀಸಿಸ್ಸಿಗೆ ನಡೆಯಲ್ಲ, ಯಾಕಂದ್ರೆ ನೂರೈವತ್ತನೇ ಪುಟದಲ್ಲಿ ಒಂದು ಉಪಶೀರ್ಷಿಕೆ 14ರ ಬದಲು 13 ಇದೆ ಅನ್ನೋದು ಕಿವಿಗೆ ಬೀಳ್ಬೇಕು ಅಂದ್ರೆ ಪ್ರತಿ ಸಾಲಿನಲ್ಲೂ ಫಾಂಟ್ ಹೇಳಿಸ್ಕೊಂಡು ಕೂರ್ಬೇಕು, ಮನುಷ್ಯ ಹುಚ್ಚನಾಗ್ತಾನೆ. ಹಂಗಾಗಿ ವರ್ಡಿನ ಸ್ಟೈಲಿಗೆ ಬಂದೆ, ಅಂದ್ರೆ ಫಾಂಟು ಸೈಜು ಒಂದ್ಸಲ ಹೇಳಿಟ್ರೆ ಆ ಥರದ ಶೀರ್ಷಿಕೆಗೆಲ್ಲ ಅದೇ ಕೂರೋ ಏರ್ಪಾಡು. ಅಧ್ಯಾಯಕ್ಕೆ ಕಂಟ್ರೋಲ್ ಆಲ್ಟ್ 1, ಒಳಗಿನ ಶೀರ್ಷಿಕೆಗೆ 2, ಅದರೊಳಗಿಂದಕ್ಕೆ 3. ಆಮೇಲೆ ಒಂದೊಂದೇ ಕೀ ಒತ್ತಿ ಓಡಾಡೋ ಬ್ರೌಸ್ ಮೋಡಲ್ಲಿ, ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರೋ ಎಚ್ ಒತ್ಕೊಂಡು ಹೋದ್ರೆ ಇಡೀ ಥೀಸಿಸ್ಸಿನ ಅಸ್ಥಿಪಂಜರ ಹತ್ತು ನಿಮಿಷದಲ್ಲಿ ಕೇಳಿ ಮುಗಿಯುತ್ತೆ, ಪರಿವಿಡಿ ತಾನಾಗೇ ಬರುತ್ತೆ. ಇಷ್ಟು ನಿಮ್ಮಲ್ಲಿ ತುಂಬಾ ಜನ ಮಾಡ್ತಿದ್ದೀರಿ, ಗೊತ್ತು.

ಹೊಡೆತ ಬಿದ್ದಿದ್ದು ಇದಾದ ಮೇಲೆ. ಹೆಡಿಂಗ್ 1ನ್ನ ಮಾಡಿಫೈ ಮಾಡಿ ಸೈಜ್ 18 ಕೊಟ್ಟೆ, ಬೋಲ್ಡ್ ಕೊಟ್ಟೆ, ನನ್ನ ಮೆಷಿನಲ್ಲಿ ಎನ್‌ವಿಡಿಎ ಎಫ್ ಒತ್ತಿದ್ರೆ 18 ಅಂತಲೇ ಹೇಳ್ತು, ಪ್ರಿಂಟ್ ತೆಗೆದ್ರೆ ಪಾರ್ಟಿ ಫೋನು. ಶೀರ್ಷಿಕೆಲಿ ಇಂಗ್ಲಿಷ್ ಪದ ಇರೋ ಕಡೆ ಅದು ದಪ್ಪಗೆ ದೊಡ್ಡದಾಗಿ ಬಂದಿದೆ, ಪಕ್ಕದ ಕನ್ನಡ ಪದ ಸಣಕಲಾಗಿ ಕೂತಿದೆ. ಐದು ಕಾಪಿ ಆಗಿಹೋಗಿತ್ತು, ಬೈಂಡಿಂಗ್ ಬೇರೆ. ಪ್ರಿಂಟು, ಬೈಂಡಿಂಗು ಎಲ್ಲ ಸೇರಿ ನಾಲ್ಕು ಸಾವಿರದ ಹತ್ರ ಕೈಬಿಟ್ಟೋಯ್ತು, ಟೈಪಿಂಗ್ ದುಡ್ಡಲ್ಲಿ ಮುರ್ಕೊಂಡ್ರು. ಜೆರಾಕ್ಸ್ ಅಂಗಡಿಯವರು "ನಾನ್ ಹೇಳ್ಲಿಲ್ವಾ ಗುರು" ಅಂದ್ರು, ಆ ಮಾತು ನಾಲ್ಕು ಸಾವಿರಕ್ಕಿಂತ ಜಾಸ್ತಿ ಚುಚ್ಚಿತು.

ಕಾರಣ ಹುಡುಕೋಕೆ ವಾರಗಟ್ಟಲೆ ಹಿಡೀತು. ವರ್ಡ್ ಕನ್ನಡನ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಲೆಕ್ಕ ಹಾಕುತ್ತೆ, ಅರಬ್ಬಿ ಹೀಬ್ರೂ ಹಿಂದಿ ಎಲ್ಲ ಅದೇ ಸಾಲಲ್ಲಿ. ಅದಕ್ಕೆ ಫಾಂಟು, ಬೋಲ್ಡು, ಸೈಜು ಮೂರೂ ಬೇರೆಯಾಗೇ ಇಟ್ಕೊಂಡಿರುತ್ತೆ. ಕಂಟ್ರೋಲ್ ಡಿ ಒತ್ತಿ ಟ್ಯಾಬ್ ಹೊಡೀತಾ ಹೋಗಿ, ಮೊದಲು ಲ್ಯಾಟಿನ್ ಟೆಕ್ಸ್ಟ್ ಅಂತ ಫಾಂಟ್, ಸ್ಟೈಲ್, ಸೈಜ್ ಬರುತ್ತೆ, ಅಲ್ಲಿಗೆ ನಿಲ್ಲಿಸ್ಬೇಡಿ, ಇನ್ನೂ ಮುಂದೆ ಹೋದ್ರೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅಂತ ಮತ್ತೆ ಅದೇ ಮೂರು ಬರುತ್ತೆ. ಎರಡನೇದೇ ನಮ್ಮದು. ಮಾಡಿಫೈ ಸ್ಟೈಲ್ ಡೈಲಾಗಲ್ಲೂ ಲ್ಯಾಟಿನ್, ಕಾಂಪ್ಲೆಕ್ಸ್ ಅಂತ ಒಂದು ಸಣ್ಣ ಕಾಂಬೋ ಬಾಕ್ಸ್ ಇದೆ, ನಾವು ಅದನ್ನ ದಾಟ್ಕೊಂಡು ಹೋಗ್ಬಿಡ್ತೀವಿ. ಪರಿವಿಡಿ ಸ್ಟೈಲುಗಳು, ಅಡಿಟಿಪ್ಪಣಿ ಸ್ಟೈಲು, ಹೆಡರ್, ಫೂಟರ್, ಎಲ್ಲಕ್ಕೂ ಎರಡೆರಡು ಸಲ ಕೊಡ್ಬೇಕು.

ಕೊಟ್ಟಿದ್ದು ಕೂತಿದ್ಯಾ ಅಂತ ಗ್ಯಾರಂಟಿ ಬೇಕಲ್ಲ, ಸ್ಕ್ರೀನ್ ರೀಡರ್ ಹೇಳಿದ್ದನ್ನ ನಂಬಿ ಒಂದ್ಸಲ ಕೆಟ್ಟಿದ್ದಾಗಿದೆ. ವರ್ಡಿನ ಡಾಕ್ ಎಕ್ಸ್ ಫೈಲ್ ಅಂದ್ರೆ ಒಳಗೆ ಝಿಪ್ಪೇ. ಒಂದು ಕಾಪಿ ಮಾಡ್ಕೊಂಡು ಎಕ್ಸ್‌ಟೆನ್ಷನ್ ಝಿಪ್ ಅಂತ ಬದಲಾಯಿಸಿ, ಬಿಚ್ಚಿ, ವರ್ಡ್ ಅನ್ನೋ ಫೋಲ್ಡರಲ್ಲಿ ಸ್ಟೈಲ್ಸ್ ಡಾಟ್ ಎಕ್ಸ್‌ಎಂಎಲ್ ಇರುತ್ತೆ, ನೋಟ್‌ಪ್ಯಾಡಲ್ಲಿ ತೆಗೀರಿ. ಎಸ್ ಝಡ್ ಅಂತ ಇದ್ರೆ ಅದು ಇಂಗ್ಲಿಷ್ ಸೈಜು, ಎಸ್ ಝಡ್ ಸಿ ಎಸ್ ಅಂತ ಇದ್ರೆ ಕನ್ನಡದ್ದು. ನಂಬರ್ ಅರ್ಧ ಪಾಯಿಂಟ್ ಲೆಕ್ಕದಲ್ಲಿ ಇರುತ್ತೆ, 24 ಅಂದ್ರೆ 12, 36 ಅಂದ್ರೆ 18. ಬೋಲ್ಡಿಗೂ ಹಂಗೇ, ಬರೀ ಬಿ ಒಂದು, ಬಿ ಸಿ ಎಸ್ ಇನ್ನೊಂದು. ನನ್ನ ಮೊದಲನೇ ಫೈಲ್ ಹಿಂಗೆ ಬಿಚ್ಚಿ ನೋಡಿದಾಗ ಎಸ್ ಝಡ್ 36, ಎಸ್ ಝಡ್ ಸಿ ಎಸ್ 28 ಅಂತಿತ್ತು, ಅಲ್ಲಿಗೆ ನಾಲ್ಕು ಸಾವಿರದ ಲೆಕ್ಕ ಚುಕ್ತಾ. ಕಣ್ಣಿರೋ ಡಿಟಿಪಿಯವರು ಎಷ್ಟು ಜನ ಹಿಂಗೆ ಫೈಲ್ ಬಿಚ್ಚಿ ನೋಡ್ತಾರೆ ಹೇಳಿ ನೋಡೋಣ!

ಈಗ ಪಾರ್ಟಿ ಕೊಡೋ ಫೈಲ್ ವಿಷಯ. ಇದ್ರಲ್ಲೇ ಅರ್ಧ ಜೀವ ಹೋಗೋದು. ಹಳೇ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಹೊಡ್ಕೊಂಡು ಬಂದಿರ್ತಾರೆ, ಅದು ಆಸ್ಕಿ, ಅಂದ್ರೆ ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ಆಕಾರ ಕೂರಿಸಿರೋದು, ಸ್ಕ್ರೀನ್ ರೀಡರ್ ಬರೀ ಕಸ ಓದುತ್ತೆ. ಯೂನಿಕೋಡಿಗೆ, ಅಂದ್ರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗೋ ಸಂಕೇತಕ್ಕೆ ತರೋ ಕನ್ವರ್ಟರ್ ಹಾಕಿದ್ರೆ ಕನ್ನಡ ಸರಿಹೋಗುತ್ತೆ, ಆದ್ರೆ ಅದೇ ಪ್ಯಾರಾದಲ್ಲಿ ಟೈಮ್ಸ್ ನ್ಯೂ ರೋಮನಲ್ಲಿರೋ ಇಂಗ್ಲಿಷ್ ಪುಸ್ತಕದ ಹೆಸರನ್ನೂ ಸೇರಿಸಿ ಕನ್ನಡ ಮಾಡಿ ಕುಲಗೆಡಿಸುತ್ತೆ. ಹಂಗಾಗಿ ಮೊದಲು ಫೈಂಡ್ ಡೈಲಾಗಲ್ಲಿ ಪದ ಏನೂ ಹಾಕದೆ ಫಾರ್ಮ್ಯಾಟ್, ಫಾಂಟ್ ಅಂತ ಹೋಗಿ ಟೈಮ್ಸ್ ಇರೋದನ್ನೆಲ್ಲ ಹುಡುಕಿ ಗುರುತು ಹಾಕ್ಕೋಬೇಕು, ಆಮೇಲೆ ಕನ್ವರ್ಟ್. "ನುಡಿ ಫಾಂಟೇ ಬೇಕು" ಅಂತ ಹಟ ಹಿಡಿಯೋ ಮೇಷ್ಟ್ರುಗಳಿಗೆ ನುಡಿಯ ಯೂನಿಕೋಡ್ ಫಾಂಟೇ ಹಾಕಿ ಕೊಡ್ತೀನಿ, ನೋಡೋಕೆ ಅದೇ ಥರ ಇದ್ಯಂತೆ, ಯಾರೂ ತಕರಾರು ತೆಗೆದಿಲ್ಲ.

ಯೂನಿಕೋಡಲ್ಲೇ ಹೊಡೆದಿರೋರದ್ದು ಬೇರೆ ಕಾಯಿಲೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ, ವಿಸರ್ಗದ ಜಾಗದಲ್ಲಿ ಕೋಲನ್. ಕಣ್ಣಿಗೆ ಎರಡೂ ಒಂದೇ, ಗೈಡಿಗೂ ಗೊತ್ತಾಗಲ್ಲ. ನಮಗೆ ತಕ್ಷಣ ಗೊತ್ತಾಗುತ್ತೆ, ಸಂಶೋಧನೆ ಅನ್ನೋದನ್ನ ಸ ಸೊನ್ನೆ ಶೋಧನೆ ಅಂತ ಓದುತ್ತಲ್ಲ. ಡೌಟ್ ಇದ್ರೆ ಆ ಅಕ್ಷರದ ಮೇಲೆ ನಂಪ್ಯಾಡ್ 2 ಮೂರು ಸಲ ಒತ್ತಿ, 3202 ಅಂದ್ರೆ ಅನುಸ್ವಾರ, 3302 ಅಂದ್ರೆ ಸೊನ್ನೆ. ಹಂಗಂತ ಎಲ್ಲ ಸೊನ್ನೆನೂ ಒಂದೇ ಏಟಿಗೆ ರಿಪ್ಲೇಸ್ ಮಾಡೋಕೆ ಹೋಗ್ಬೇಡಿ, ಕನ್ನಡ ಅಂಕಿಲಿ ಬರೆದ ಇಸವಿಗಳೆಲ್ಲ ಅಂ ಅಂ ಅಂತ ಆಗಿಬಿಡುತ್ತೆ. ಸೊನ್ನೆ ಹಿಂದೆ ಅಕ್ಷರ ಇದ್ರೆ ಮಾತ್ರ ಬದಲಾಯಿಸೋ ಒಂದು ಮ್ಯಾಕ್ರೋ, ಅಂದ್ರೆ ವರ್ಡ್ ಒಳಗೇ ಓಡೋ ಸಣ್ಣ ಪ್ರೋಗ್ರಾಮು ಬರ್ಕೊಂಡಿದ್ದೀನಿ, ಅದನ್ನ ಇಲ್ಲಿ ಹಾಕಲ್ಲ, ಬೇಜಾರ್ ಮಾಡ್ಕೋಬೇಡಿ, ಹೊಟ್ಟೆಪಾಡು. ಇದೊಂದಕ್ಕೇ ಬೇರೆ ಡಿಟಿಪಿಯವರು ಫೈಲ್ ಕಳಿಸಿ ಮುನ್ನೂರು ನಾನೂರು ಕೊಡ್ತಾರೆ.

ಇನ್ನು ಎಂಟರ್ ಹೊಡೆದು ಜಾಗ ಬಿಡೋದು, ಸ್ಪೇಸ್ ಹೊಡೆದು ಸೆಂಟರ್ ಮಾಡೋದು. ಖಾಲಿ ಎಂಟರ್‌ಗಳಿಗೆ ಕಂಟ್ರೋಲ್ ಎಚ್‌ನಲ್ಲಿ ಎಂಟರ್ ಗುರುತಾದ ಕ್ಯಾರೆಟ್ ಪಿ ಎರಡು ಸಲ ಹಾಕಿ ಒಂದಕ್ಕೆ ಇಳಿಸಿ, ಸೊನ್ನೆ ರಿಪ್ಲೇಸ್ಮೆಂಟ್ ಅಂತ ಹೇಳೋವರೆಗೂ ಮತ್ತೆ ಮತ್ತೆ ಒತ್ತಿ. ಸ್ಪೇಸಿಗೆ ನಾನು ಕಂಡ್ಕೊಂಡಿದ್ದು ಟೋನು. ಎನ್‌ವಿಡಿಎ ಕಂಟ್ರೋಲ್ ಡಿ ಒತ್ತಿ ಡಾಕ್ಯುಮೆಂಟ್ ಫಾರ್ಮ್ಯಾಟಿಂಗಲ್ಲಿ ಲೈನ್ ಇಂಡೆಂಟೇಶನ್ನಿಗೆ ಟೋನ್ಸ್ ಅಂತ ಇಟ್ಟುಬಿಡಿ. ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ಕೊಟ್ಟ ನಿಜವಾದ ಇಂಡೆಂಟಿಗೆ ಇದು ಪೀಂ ಅನ್ನಲ್ಲ, ಸಾಲಿನ ಶುರುಗೆ ಯಾರೋ ಸ್ಪೇಸ್ ಬಾರೋ ಟ್ಯಾಬೋ ಹೊಡೆದಿದ್ರೆ ಮಾತ್ರ ಅನ್ನುತ್ತೆ. ಅಂದ್ರೆ ಟೋನ್ ಬಂತು ಅಂದ್ರೆ ಕಳ್ಳ ಇಂಡೆಂಟು. ಪ್ರೋಗ್ರಾಮ್ ಬರೆಯೋರಿಗೆ ಅಂತ ಇರೋ ಸೌಲಭ್ಯ, ನಂಗೆ ಇಲ್ಲಿ ಅನ್ನ ಹಾಕ್ತಿದೆ.

ತ್ರಿಪದಿಗಳದ್ದು ಬೇರೆಯದೇ ಕಥೆ. ಯೂನಿವರ್ಸಿಟಿಯವರು ಸಾಲಿನ ಎರಡೂ ತುದಿ ಸಮ ಮಾಡೋ ಜಸ್ಟಿಫೈ ಕೇಳ್ತಾರೆ ಅಂತ ಇಡೀ ಫೈಲಿಗೆ ಕಂಟ್ರೋಲ್ ಜೆ ಕೊಟ್ರೆ, ಪಾರ್ಟಿ ಪದ್ಯದ ಸಾಲು ಮುರಿಯೋಕೆ ಶಿಫ್ಟ್ ಎಂಟರ್ ಹೊಡೆದಿರ್ತಾರಲ್ಲ, ಆ ಸಾಲಿನ ನಾಲ್ಕು ಪದ ಪುಟದ ಈ ತುದಿಯಿಂದ ಆ ತುದಿಗೆ ಎಳೆದಾಡ್ಕೊಂಡು ನಿಲ್ಲುತ್ತೆ. ಕಿವಿಗೆ ಇದು ಯಾವತ್ತೂ ಗೊತ್ತಾಗಲ್ಲ. ಪದ್ಯಕ್ಕೆ ಅಂತ ಬೇರೆ ಸ್ಟೈಲ್ ಮಾಡಿ ಎಡಕ್ಕೆ ಅಲೈನ್ ಇಟ್ಟ ಮೇಲೆ ಹೋಯ್ತು. ಗದ್ಯದಲ್ಲೂ ಜಸ್ಟಿಫೈ ಕಾಟ ಇದೆ, ನಮ್ಮ ಪದಗಳು ಸಮಾಸ ಸಂಧಿ ಸೇರ್ಕೊಂಡು ಉದ್ದ, ವರ್ಡು ಕನ್ನಡ ಪದನ ಸಾಲಿನ ಕೊನೇಲಿ ಒಡೆಯಲ್ಲ, ಹಂಗಾಗಿ ಪದಗಳ ಮಧ್ಯೆ ಖಾಲಿ ಜಾಗದ ಹಳ್ಳ ಬೀಳುತ್ತೆ. ನಾನು ಮಾಡೋದು ಇಷ್ಟು: ಡೌನ್ ಆ್ಯರೋ ಒತ್ಕೊಂಡು ಸಾಲು ಸಾಲು ಕೇಳ್ತೀನಿ, ಅಗಲಕ್ಕೆ ತಕ್ಕಂಗೆ ಏಳೆಂಟು ಪದ ಬರೋ ಕಡೆ ಮೂರು ಸಣ್ಣ ಪದಕ್ಕೇ ಸಾಲು ಮುಗೀತು ಅಂದ್ರೆ ಅಲ್ಲಿ ಹಳ್ಳ ಬಿದ್ದಿದೆ. ಕಿವಿ ಒಂದೆರಡು ತಿಂಗಳಲ್ಲಿ ಪಳಗುತ್ತೆ. ಆ ಹಳ್ಳ ಮುಚ್ಚೋಕೆ ಏನ್ ಮಾಡ್ತೀನಿ ಅನ್ನೋದು ನನ್ನ ಹತ್ರನೇ ಇರ್ಲಿ.

ಮಾರ್ಜಿನ್ನು ಎಡಕ್ಕೆ ಒಂದೂವರೆ ಇಂಚು, ಬೈಂಡಿಂಗಿಗೆ, ಮಿಕ್ಕ ಕಡೆ ಒಂದೊಂದು, ಸಾಲಿನ ಅಂತರ ಕಂಟ್ರೋಲ್ 5, ಅಂದ್ರೆ ಒಂದೂವರೆ. ಮುನ್ನುಡಿ ಭಾಗಕ್ಕೆ ರೋಮನ್ ಪುಟಸಂಖ್ಯೆ, ಅಧ್ಯಾಯದಿಂದ 1, ಇದಕ್ಕೆ ಸೆಕ್ಷನ್ ಬ್ರೇಕ್ ಹಾಕಿ ಫೂಟರಲ್ಲಿ ಲಿಂಕ್ ಟು ಪ್ರೀವಿಯಸ್ ತೆಗೀಲೇಬೇಕು, ಇಲ್ಲಾಂದ್ರೆ ಎರಡೂ ಕಡೆ ಒಂದೇ ಆಗುತ್ತೆ. ಎಲ್ಲಿದ್ದೀನಿ ಅಂತ ಅನುಮಾನ ಬಂದ್ರೆ ಎನ್‌ವಿಡಿಎ ಜೊತೆ ನಂಪ್ಯಾಡ್ ಡಿಲೀಟ್, ಕರ್ಸರ್ ಪುಟದ ಅಂಚಿಂದ ಎಷ್ಟು ದೂರ ಅಂತ ಅಳತೆ ಹೇಳುತ್ತೆ. ಕೋಷ್ಟಕ ಎಲ್ಲ ಆಟೋಫಿಟ್ ವಿಂಡೋ, ತಲೆಸಾಲು ಪ್ರತಿ ಪುಟಕ್ಕೂ ರಿಪೀಟ್, ಮುಗೀತು.

ಮಧ್ಯೆ ಬೇರೆ ದಾರಿಗಳನ್ನೂ ನೋಡಿದ್ದೀನಿ. ಪ್ಯಾಂಡಾಕ್ ಅಂತ ಇದೆ, ನೋಟ್‌ಪ್ಯಾಡಲ್ಲಿ ಮಾರ್ಕ್‌ಡೌನ್ (ಶೀರ್ಷಿಕೆಗೆ, ಬೋಲ್ಡಿಗೆ ಚಿಹ್ನೆ ಹಾಕಿ ಬರೆಯೋ ಸಾದಾ ಪಠ್ಯ) ಬರೆದು ಒಂದು ರೆಫರೆನ್ಸ್ ಡಾಕ್, ಅಂದ್ರೆ ಮಾದರಿ ಫೈಲ್ ಕೊಟ್ರೆ ಅದೇ ಸ್ಟೈಲಲ್ಲಿ ವರ್ಡ್ ಫೈಲ್ ಮಾಡಿ ಕೊಡುತ್ತೆ, ಅಡಿಟಿಪ್ಪಣಿ ಸಮೇತ. ನಂಗೆ ಭಾರಿ ಹಿಡಿಸ್ತು, ಒಂದೂ ಕಳ್ಳ ಸ್ಪೇಸ್ ಇರಲ್ಲ. ಆದ್ರೆ ಗೈಡು ವರ್ಡ್ ಫೈಲಲ್ಲೇ ಟ್ರ್ಯಾಕ್ ಚೇಂಜಸ್ ಹಾಕಿ ತಿದ್ದಿ ಕಳಿಸ್ತಾರೆ, ಅದನ್ನ ವಾಪಸ್ ಮಾರ್ಕ್‌ಡೌನಿಗೆ ತರೋಷ್ಟರಲ್ಲಿ ರಾತ್ರಿ ಆಗುತ್ತೆ, ಬಿಟ್ಟೆ. ನನ್ನ ಸ್ವಂತ ಬರಹಕ್ಕೆ ಮಾತ್ರ ಈಗ್ಲೂ ಅದೇ. ಪ್ರಿಂಟಾದ ಪುಟದ ಫೋಟೋ ತೆಗೆದು ಒಂದು ಎಐ ಆ್ಯಪಿಗೆ ತೋರಿಸಿ ಪುಟ ಹೆಂಗಿದೆ ಅಂತ ಕೇಳಿದ್ದೂ ಆಯ್ತು, ತುಂಬಾ ಅಚ್ಚುಕಟ್ಟಾಗಿದೆ ಅಂತು. ಖುಷಿಯಾಗಿ, ಪರೀಕ್ಷೆ ಮಾಡೋಣ ಅಂತ ಬೇಕಂತಲೇ ಒಂದು ಶೀರ್ಷಿಕೆನ ಬಲಕ್ಕೆ ತಳ್ಳಿ ಮತ್ತೆ ತೋರಿಸ್ದೆ, ಆಗ್ಲೂ ಅಚ್ಚುಕಟ್ಟಾಗಿದೆ ಅಂತು. ಅವತ್ತಿಂದ ಅದನ್ನ ಹೊಗಳಿಸ್ಕೊಳ್ಳೋಕೆ ಮಾತ್ರ ಬಳಸ್ತೀನಿ.

ಈಗಿನ ರೇಟು ಟೈಪಿಂಗ್, ಫಾರ್ಮ್ಯಾಟಿಂಗ್ ಎರಡೂ ಸೇರಿ ಪುಟಕ್ಕೆ 35, ಫೈಲ್ ಕೊಟ್ಟು ಬರೀ ಫಾರ್ಮ್ಯಾಟಿಂಗ್ ಅಂದ್ರೆ 10ರಿಂದ 12, ಹಳೇ ನುಡಿ ಫೈಲಾದ್ರೆ ಮೇಲೆ ಇನ್ನೊಂದೈದು. ಮೊದಲು ಬರೀ ಹತ್ತು ಪುಟ ಪ್ರಿಂಟ್ ತೆಗೆಸಿ ಮೇಷ್ಟ್ರಿಗೆ ತೋರಿಸ್ಕೊಂಡು ಬನ್ನಿ ಅಂತೀನಿ, ಆ ಹತ್ತರಲ್ಲಿ ಒಂದು ಅಧ್ಯಾಯದ ಶುರು, ಒಂದು ಕೋಷ್ಟಕ, ಒಂದು ಪದ್ಯ, ಒಂದು ಪರಿವಿಡಿ ಪುಟ ಇರ್ಲೇಬೇಕು. ಅರ್ಧ ದುಡ್ಡು ಆ ಹತ್ತು ಪುಟದ ಜೊತೆಗೇ ಇಸ್ಕೋತೀನಿ. ಲಗ್ನಪತ್ರಿಕೆ, ಬ್ಯಾನರು, ಟೆಕ್ಸ್ಟ್ ಬಾಕ್ಸಲ್ಲಿ ಮಾಡಿರೋ ಚಾರ್ಟು ಇವೆಲ್ಲ ತಗೊಳ್ಳಲ್ಲ, ಟೆಕ್ಸ್ಟ್ ಬಾಕ್ಸ್ ಎಲ್ಲಿ ತೇಲ್ತಿದೆ ಅಂತ ಹಿಡಿಯೋಕೆ ನಂಗಿನ್ನೂ ಆಗಿಲ್ಲ. ನಿಮ್ಮಲ್ಲಿ ಯಾರಾದ್ರೂ ಅದನ್ನ ಪಳಗಿಸಿದ್ರೆ ಹೇಳಿ, ಸೊನ್ನೆ ಮ್ಯಾಕ್ರೋ ಬದಲಿಗೆ ಕೊಡ್ತೀನಿ.