ಹೋಟೆಲ್ ಹುಡುಗರ ಮನಸ್ಸು ನೋಡ್ಕೊಳ್ಳೋದು ಹೇಗೆ? ಡ್ಯೂಟಿ ಚಾರ್ಟಿಂದ ಶುರು ಮಾಡಿ

ಮಾನಸಿಕ ಆರೋಗ್ಯ ಅಂದ ಕೂಡ್ಲೇ ನಮ್ಮ ಮುಂಬೈ ಹೋಟೆಲ್‌ನವರು ನಗ್ತಾರೆ, ಅದೆಲ್ಲ ಬಾಂದ್ರಾ-ಕುರ್ಲಾ (ಬಿಕೆಸಿ) ಕಡೆಯ ಎಸಿ ಆಫೀಸಿನವರಿಗೆ ಮಾರಾಯ್ರೆ, ನಮ್ಗೆ ಬೆಳಿಗ್ಗೆ ಐದಕ್ಕೆ ಇಡ್ಲಿ ಏರ್ಬೇಕು ಅಂತಾರೆ. ನಾನೂ ಹಾಗೇ ಅಂತಿದ್ದವ. ಘಾಟ್ಕೋಪರ್ ಕಡೆ ಒಂದು ಹೋಟೆಲ್ಲಲ್ಲಿ ಗಲ್ಲಾದಲ್ಲಿ ಕೂತಿದ್ದಾಗ ಕುಂದಾಪುರ ಕಡೆಯ ಹುಡುಗ ಒಬ್ಬ ಒಂದೇ ವಾರದಲ್ಲಿ ನಾಲ್ಕು ಗ್ಲಾಸ್ ಒಡೆದ, ನಾಲ್ಕರ ದುಡ್ಡೂ ಪಗಾರದಲ್ಲಿ ಹಿಡಿದೆ. ಆಮೇಲೆ ಗೊತ್ತಾಯ್ತು, ಅವ ಹದಿನೈದು ದಿನದಿಂದ ಸರಿಯಾಗಿ ನಿದ್ರೆನೇ ಮಾಡಿರ್ಲಿಲ್ಲ. ಊರಲ್ಲಿ ತಂಗಿ ಮದುವೆ ಸಾಲ, ಇಲ್ಲಿ ರಾತ್ರಿ ಹನ್ನೆರಡೂವರೆಗೆ ಟೇಬಲ್ ಜೋಡಿಸಿ ಮಲಗಿದ್ರೆ ನಾಲ್ಕೂವರೆಗೆ ಹಾಲಿನವ ಶಟರ್ ಬಡೀತಿದ್ದ. ಕೇಳಿದ್ರೆ "ಎಂತ ಇಲ್ಲ ಅಣ್ಣಾ, ತಲೆನೋವು" ಅಷ್ಟೇ.

ಹಾಗಾಗಿ ಮೊದಲ ಕೆಲಸ ನಿದ್ರೆ. ಯೋಗ ಟೀಚರನ್ನ ಕರೆಸೋದು, ಭಾಷಣ ಮಾಡಿಸೋದು ಎಲ್ಲ ಆಮೇಲೆ ನೋಡ್ಕೊಳ್ಳಿ. ಒಂದು ಹಾಳೆ ತಗೊಂಡು ಯಾರು ಎಷ್ಟು ಗಂಟೆಗೆ ಕೆಲಸ ಬಿಡ್ತಾರೆ, ಮತ್ತೆ ಎಷ್ಟಕ್ಕೆ ಹಿಡೀತಾರೆ ಅಂತ ಬರೀರಿ, ರಾತ್ರಿ ಶಟರ್ ಎಳೆದವನಿಗೆ ಮಾರನೇ ದಿನ ಬೆಳಗಿನ ಡ್ಯೂಟಿ ಬೇಡ, ಇದೊಂದು ನಿಯಮ ಹಾಕಿದ್ರೆ ಅರ್ಧ ಜಗಳ ಕಮ್ಮಿ ಆಗತ್ತೆ. ಮಲಗೋಕೆ ಟೇಬಲ್ ಬಿಟ್ಟು ಬೇರೆ ಜಾಗ, ಒಂದು ಫ್ಯಾನು. ವಿರಾರ್, ಡೊಂಬಿವ್ಲಿಯಿಂದ ಲೋಕಲಲ್ಲಿ ಬರೋರಿಗೆ ಅರ್ಧ ಗಂಟೆ ರಿಯಾಯ್ತಿ ಕೊಡಿ, ಟ್ರೈನ್ ನಿಂತ್ರೆ ಅವ್ರೇನ್ ಮಾಡ್ತಾರೆ, ಅದಕ್ಕೆ ಅರ್ಧ ದಿನದ ಪಗಾರ ಕತ್ತರಿಸಿದ್ರೆ ಮರುದಿನ ಬಾಗಿಲಲ್ಲಿ ನೇತಾಡ್ಕೊಂಡು ಬರ್ತಾರೆ.

ಇನ್ನು ರಜೆ. ಇಪ್ಪತ್ತು ಮತ್ತು ಇಪ್ಪತ್ತಕ್ಕಿಂತ ಜಾಸ್ತಿ ಜನ ಕೆಲಸಕ್ಕಿದ್ರೆ (2025ರ ತಿದ್ದುಪಡಿಗೆ ಮೊದ್ಲು ಹತ್ತು ಇತ್ತು) ಮಹಾರಾಷ್ಟ್ರದ 2017ರ ಶಾಪ್ಸ್ ಆ್ಯಂಡ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಪ್ರಕಾರ ವಾರಕ್ಕೆ ಪೂರ್ತಿ 24 ಗಂಟೆ ಬಿಡುವು, ವರ್ಷಕ್ಕೆ ಪಗಾರ ಸಮೇತ 8 ದಿನ ಕ್ಯಾಶುವಲ್ ರಜೆ ಕೊಡ್ಲೇಬೇಕು. ಆದ್ರೆ ನಮ್ಮ ಹುಡುಗ್ರಿಗೆ ಬೇಕಾಗಿರೋದು ಊರಿನ ರಜೆ. ಊರಿಗೆ ಹೋಗೋ ಮತ್ಸ್ಯಗಂಧ ಟ್ರೈನಿನ ಟಿಕೆಟು ಈಗ 60 ದಿನ ಮೊದ್ಲು ಓಪನ್ ಆಗತ್ತೆ, ಅಂದ್ರೆ ನೀವು "ಹೋಗು" ಅಂತ ಹೇಳೋದು ಎರಡೂವರೆ ತಿಂಗಳು ಮೊದ್ಲೇ ಹೇಳ್ಬೇಕು, ಹೊರಡೋ ಹಿಂದಿನ ದಿನ ಒಪ್ಪಿಗೆ ಕೊಟ್ರೆ ಅವ ಜನರಲ್ ಡಬ್ಬಿಲಿ ನಿಂತ್ಕೊಂಡು ಹೋಗ್ತಾನೆ, ಇಲ್ಲ ಹೋಗೋದೇ ಇಲ್ಲ. ಕೋಲ, ಜಾತ್ರೆ, ಮದುವೆ ತಾರೀಕು ಮೊದ್ಲೇ ಕೇಳಿ ಬರ್ಕೊಂಡ್ರೆ ಯಾರನ್ನ ಯಾವಾಗ ಕಳಿಸ್ಬೇಕು ಅಂತ ನಿಮ್ಗೂ ಲೆಕ್ಕ ಸಿಗತ್ತೆ. ಪಗಾರದ ತಾರೀಕು ತಪ್ಪಿಸ್ಬೇಡಿ, ಅದಕ್ಕಿಂತ ಜಾಸ್ತಿ ಹೇಳೋದೇನಿಲ್ಲ.

ಇದೆಲ್ಲ ಬರೀ ನನ್ನ ತಲೇಲಿ ಬಂದಿದ್ದಲ್ಲ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಕೊಟ್ಟ ಗೈಡ್‌ಲೈನಲ್ಲೂ ಕೆಲಸದ ಏರ್ಪಾಡು ಸರಿ ಮಾಡಿ, ಮ್ಯಾನೇಜರ್‌ಗಳಿಗೆ ತರಬೇತಿ ಕೊಡಿ ಅಂತ ಇದೆ. ಡಿಪ್ರೆಶನ್, ಆಂಗ್ಸೈಟಿಯಿಂದ ಜಗತ್ತಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನ ಹೋಗ್ತವೆ ಅನ್ನೋದೂ ಅವ್ರದ್ದೇ ಲೆಕ್ಕ.

ಮಾತಾಡೋದು ಹೇಗೆ ಅನ್ನೋದು ಕಷ್ಟದ ಭಾಗ. ಗಲ್ಲಾದ ಎದುರು ನಿಲ್ಲಿಸಿ "ಏನಾಯ್ತೋ ನಿಂಗೆ" ಅಂದ್ರೆ ಯಾವನೂ ಬಾಯಿ ಬಿಡಲ್ಲ. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಹೊರಗೆ ಚಹಾಕ್ಕೆ ಕರ್ಕೊಂಡು ಹೋಗಿ, ಕಂಡಿದ್ದನ್ನಷ್ಟೇ ಹೇಳಿ: "ಎರಡು ವಾರದಿಂದ ಊಟ ಸರಿ ಮಾಡ್ತಿಲ್ಲ ನೀನು, ರಾತ್ರಿ ನಿದ್ರೆ ಬರತ್ತಾ?" ಆಮೇಲೆ ಸುಮ್ನೆ ಕೂತಿರಿ. "ನಮ್ ಕಾಲದಲ್ಲಿ ನೈಟ್ ಸ್ಕೂಲಿಗೂ ಹೋಗಿ ಪಾತ್ರೆನೂ ತೊಳೀತಿದ್ವಿ" ಅನ್ನೋ ಕಥೆ ದಯವಿಟ್ಟು ಬೇಡ. ತಲೆನೋವು, ಎದೆ ಡವಡವ, ಹೊಟ್ಟೆ ಉರಿ ಅಂತ ಪದೇ ಪದೇ ಹೇಳೋರಲ್ಲಿ ಕೆಲವರು ಮನಸ್ಸಿನ ಸಂಕಟವನ್ನೇ ಹಾಗೆ ಹೇಳ್ತಿರ್ತಾರೆ. ಸಾಯೋ ಮಾತು ಬಂದ್ರೆ ನೇರವಾಗಿ ಕೇಳಿ, ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೊಕ್ಕತ್ತೆ ಅನ್ನೋದು ತಪ್ಪು ಕಲ್ಪನೆ, ಆಮೇಲೆ ಅವನನ್ನ ಒಬ್ಬನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಪರೇಲ್‌ನ ಕೆಇಎಂ, ಸಾಯನ್, ನಾಯರ್ ಮೂರೂ ಮುನ್ಸಿಪಾಲ್ಟಿ ಆಸ್ಪತ್ರೆಗಳಲ್ಲಿ ಸೈಕಿಯಾಟ್ರಿ (ಮನಸ್ಸಿನ ಕಾಯಿಲೆ) ವಿಭಾಗ ಉಂಟು.

ಫೋನಲ್ಲಿ ಮಾತಾಡೋಕೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದಿನದ 24 ಗಂಟೆ, ಫ್ರೀ, ಕನ್ನಡ, ಹಿಂದಿ, ಮರಾಠಿ ಎಲ್ಲ ಸೇರಿ 20 ಭಾಷೆ. ಈಗ ಕಿಚನ್ನಲ್ಲಿ ಯುಪಿ, ಒಡಿಶಾ ಹುಡುಗ್ರೂ ಇರೋದ್ರಿಂದ ಭಾಷೆ ವಿಷ್ಯ ಮುಖ್ಯ. ನಂಬರನ್ನ ಗಲ್ಲಾದ ಹಿಂದೆ ಅಂಟಿಸ್ಬೇಡಿ, ಅಲ್ಲಿ ನಿಂತು ಬರ್ಕೊಳ್ಳೋ ಧೈರ್ಯ ಯಾರಿಗಿರತ್ತೆ, ಬಾತ್‌ರೂಮ್ ಬಾಗಿಲ ಒಳಮೈಗೆ ಅಂಟಿಸಿ. ಗ್ರೂಪ್ ಮೆಡಿಕ್ಲೈಮ್ ಇದ್ರೆ ಏಜೆಂಟಿಗೆ ಒಂದು ಫೋನ್ ಹಾಕಿ, 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆ ಪ್ರಕಾರ ಉಳಿದ ಕಾಯಿಲೆಗೆ ಕೊಟ್ಟ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡ್ಬೇಕು, ಒಪಿಡಿ ಖರ್ಚು, ಅಂದ್ರೆ ಅಡ್ಮಿಟ್ ಆಗದೆ ಡಾಕ್ಟರಿಗೆ ತೋರಿಸೋ ಖರ್ಚು ಸೇರತ್ತಾ ಅಂತ ಬಿಡಿಸಿ ಕೇಳಿ.

ಚಿಕಿತ್ಸೆ ತಗೊಂಡು ವಾಪಸ್ ಬಂದವನ ವಿಷ್ಯ ನಿಮ್ಮಲ್ಲೇ ಇರ್ಲಿ, ಅಡುಗೆ ಭಟ್ರಿಗೂ ಹೇಳ್ಬೇಡಿ, ಅಡ್ಡ ಹೆಸರು ಹುಟ್ಟೋದೇ ಕಿಚನ್ನಲ್ಲಿ. ಡಿಪ್ರೆಶನ್ ಮಾತ್ರೆ ಹಿಡೀಲಿಕ್ಕೆ ಎರಡು ಮೂರು ವಾರನಾದ್ರೂ ಬೇಕು, ಕೆಲವು ಮಾತ್ರೆಗೆ ಬೆಳಿಗ್ಗೆ ಮಂಪರೂ ಬರತ್ತೆ, ಹಾಗಾಗಿ ಅಲ್ಲಿವರೆಗೆ ತವಾ, ಎಣ್ಣೆ ಬಾಣಲೆ ಹತ್ರ ನಿಲ್ಲಿಸ್ಬೇಡಿ, ಟೋಕನ್ ಕೌಂಟರಲ್ಲೋ ತರಕಾರಿ ಹೆಚ್ಚೋ ಕಡೆನೋ ಕೂರಿಸಿ. ಆ ತಿಂಗ್ಳು ಗ್ಲಾಸ್ ಒಡೆದ್ರೆ ದುಡ್ಡು ಹಿಡೀಬೇಡಿ.