ಬ್ರೇಕ್ ಪ್ಯಾಡ್ ಅಂಚಿನ ಎರಡು ಅಕ್ಷರ ನೋಡಿ ಆರಿಸಿದೆ, ಕೀರಲು ಶಬ್ದವೂ ನಿಂತಿತು

"ಈ ಬ್ರೇಕ್ ಪ್ಯಾಡ್ ಹಾಕಿಸಿದ್ರೆ ತಿಂಗಳಲ್ಲಿ ಮತ್ತೆ ಬರ್ತೀರ ನೋಡಿ" ಎಂದಿದ್ದರು ಮೆಕ್ಯಾನಿಕ್. ಸ್ನೇಹಿತರೂ ನಂಬಲಿಲ್ಲ. ಈಗ ಕಾರು ಹತ್ತಿರ ಹತ್ತಿರ 30 ಸಾವಿರ ಕಿಲೋಮೀಟರ್ ಓಡಿದೆ. ಮುಂದಿನ ಚಕ್ರಗಳ ಪ್ಯಾಡ್‌ಗಳು ಇನ್ನೂ 5 ಮಿ.ಮೀ.ಗಿಂತ ದಪ್ಪ ಇವೆ, ಶಬ್ದವೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಒಂದೂವರೆ ವರ್ಷದಲ್ಲಿ ಮೂರು ಸೆಟ್ ಬದಲಿಸಿದ್ದೆ. ಮೊದಲನೆಯದು ಸಿಕ್ಕಿದ್ದರಲ್ಲಿ ಅಗ್ಗದ್ದು. ಪೇಟೆಯೊಳಗೆ ಚೆನ್ನಾಗಿಯೇ ಇತ್ತು, ಉದ್ದದ ಇಳಿಜಾರಿನಲ್ಲಿ ಬಿಸಿಯಾದ ಮೇಲೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಾಲದು, ಸುಟ್ಟ ವಾಸನೆ ಬೇರೆ. ಎರಡನೆಯದು ಲೋಹ ಜಾಸ್ತಿ ಇರುವ ಸೆಮಿ ಮೆಟಾಲಿಕ್. ಬಿಸಿಯಲ್ಲಿ ಗಟ್ಟಿಯಾಗಿ ಹಿಡಿಯಿತು, ಆದರೆ ಬೆಳಗ್ಗೆ ತಣ್ಣಗಿದ್ದಾಗ ಮೊದಲ ಎರಡು ಬ್ರೇಕ್ ಮಂಕು, ಚಕ್ರವೆಲ್ಲ ಕಪ್ಪು ಪುಡಿ, ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್ ಮೇಲೆ ಗೀರು. ಮೂರನೆಯದು ಸೆರಾಮಿಕ್. ಮೊದಲಿನದರ ಮೂರು ಪಟ್ಟು ದುಡ್ಡು ಕೊಟ್ಟೆ. ಪುಡಿ ಕಮ್ಮಿಯಾಯಿತು, ಮೊದಲಿಂದ ಇದ್ದ ಕೀರಲು ಶಬ್ದ ಮಾತ್ರ ಹೋಗಲಿಲ್ಲ. ಮೂರೂ ಸೆಟ್ಟಿನ ದುಡ್ಡು ಸೇರಿಸಿದ್ದರೆ ಒಂದು ಜೊತೆ ಹೊಸ ಡಿಸ್ಕೇ ಬರುತ್ತಿತ್ತು. ಹೊಟ್ಟೆ ಉರಿದುಹೋಯಿತು.

ಆಗ ಕಾರಿನ ಜೊತೆ ಬಂದಿದ್ದ ಮೂಲ ಪ್ಯಾಡ್ ಹುಡುಕಿ, ವೈರ್ ಬ್ರಷ್‌ನಲ್ಲಿ ಅಂಚು ಉಜ್ಜಿದೆ. ಅಲ್ಲಿ ಅಚ್ಚಾಗಿದ್ದ ಕೋಡಿನ ಕೊನೆಯಲ್ಲಿ 'ಎಫ್‌ಎಫ್' ಎಂದಿತ್ತು. ಅಗ್ಗದ ಸೆಟ್ ನೋಡಿದರೆ 'ಎಫ್‌ಇ'. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿನ ಹಿಡಿತ, ಎರಡನೆಯದು ಜೋರು ಬಿಸಿಯಲ್ಲಿನದು. ಇ ಅಂದರೆ ಹಿಡಿತದ ಅಳತೆ (ಘರ್ಷಣಾಂಕ) 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಇಳಿಜಾರಿನಲ್ಲಿ ಯಾಕೆ ಕೈಕೊಟ್ಟಿತು ಅಂತ ಅಲ್ಲೇ ಬರೆದಿತ್ತು, ಅಲ್ವಾ? ಈ ಅಕ್ಷರ ಸವೆತದ ಬಗ್ಗೆಯಾಗಲಿ ಶಬ್ದದ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ, ಅದು ನೆನಪಿರಲಿ. ಹಾಗಾಗಿ ನಾಲ್ಕನೇ ಸಲ ಲೋಹ ಕಮ್ಮಿ ಇರುವ ಸಾದಾ ಪ್ಯಾಡ್, ಎಫ್‌ಎಫ್, ಹಿಂದೆ ಶಿಮ್ (ಶಬ್ದ ತಗ್ಗಿಸುವ ತೆಳು ತಗಡು) ಇರುವುದು, ಇಷ್ಟನ್ನೇ ನೋಡಿ ತಂದೆ. ಬೆಲೆ ಸೆರಾಮಿಕ್‌ನ ಅರ್ಧ.

ಕೀರಲಿನ ಕಾರಣ ಬೇರೆಯೇ ಇತ್ತು. ಸುಮ್ನೆ ಕುತೂಹಲಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು, ಒಂದು ಸುತ್ತು ಓಡಿಸಿ ಎರಡೂ ಡಿಸ್ಕ್ ಅಳೆದೆ. ಎಡಗಡೆಯದು ಸುಮಾರು 40 ಡಿಗ್ರಿ ಜಾಸ್ತಿ. ಬಿಚ್ಚಿದರೆ ಎಡಗಡೆ ಒಳಗಿನ ಪ್ಯಾಡ್ 4 ಮಿ.ಮೀ., ಹೊರಗಿನದು 8. ಪ್ಯಾಡ್ ಒತ್ತುವ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಮೂರು ಸಲ ಪ್ಯಾಡ್ ಹಾಕಿದವರು ಯಾರೂ ಅದನ್ನು ಎಳೆದು ನೋಡಿರಲಿಲ್ಲ. ಪಿನ್ ಉಜ್ಜಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಊದಿಕೊಳ್ಳುತ್ತದೆ. ಡಿಸ್ಕ್ ಬದಲಿಸಲೇಬೇಕು ಎಂದಿದ್ದರು ಮೆಕ್ಯಾನಿಕ್. ಅದರ ಮೇಲೆ ಕೆತ್ತಿದ್ದ ಕನಿಷ್ಠ ದಪ್ಪ 20 ಮಿ.ಮೀ., ನನ್ನದು 21ರ ಮೇಲಿತ್ತು, ಗೀರೂ ಆಳ ಇರಲಿಲ್ಲ. ಬದಲಿಸಲಿಲ್ಲ. ಬಲಗಡೆ ಪ್ಯಾಡ್‌ಗಳ ಮೂಲೆಯನ್ನು ಮಾತ್ರ ಅರದಲ್ಲಿ ಓರೆ ಮಾಡಿ ನೋಡಿದೆ, ಎಡಗಡೆಗೂ ಅದಕ್ಕೂ ಶಬ್ದದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಬ್ರೇಕ್ ಹಿಡಿದು, ತಣ್ಣಗಾಗಲು ಹತ್ತು ಕಿಲೋಮೀಟರ್ ಹಾಗೇ ಓಡಿಸಿದೆ. ಹೊಸ ಪ್ಯಾಡ್ ಕೂರಿಸುವ ಮುಂಚೆ ಡಿಸ್ಕ್ ಮೇಲೆ ನಾನೊಂದು ಕೆಲಸ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಮೊನ್ನೆ ಅದೇ ಮೆಕ್ಯಾನಿಕ್ ಬೇರೆ ಯಾರದೋ ಪ್ಯಾಡ್ ಅಂಚು ಉಜ್ಜುತ್ತಾ ಕೂತಿದ್ದರು. "ಇದು ಜಿ ಅಲ್ವಾ?" ಅಂತ ನನ್ನನ್ನೇ ಕೇಳಿದರು.