ಘಟ್ಟ ಇಳಿಯುವಾಗ ತಪ್ಪಿಹೋದ ಅಡಿಕೆ ದರ

ಶಿರಸಿಯಲ್ಲಿ ಅಡಿಕೆ ಟೆಂಡರ್ ನಡೆಯುವ ಹೊತ್ತಿಗೆ ಊರೂರಿನ ಬೆಳೆಗಾರರು ಮೊಬೈಲ್ ಹಿಡಿದು ಕಾಯುತ್ತಾರೆ. ಚಾಲಿ, ರಾಶಿ, ಕೆಂಪುಗೋಟು, ಬೆಟ್ಟೆ ಎಂಬ ಅಡಿಕೆ ಬಗೆಗಳ ದರ ದಾಖಲಾದಂತೆಲ್ಲ ಅವರಿಗೆ ಕಾಣಿಸುವ ಪುಟವೊಂದನ್ನು ನಾನು ಕಟ್ಟಿದೆ.

ಮೊದಲು ಮಾಡಿದ್ದು ಸುಲಭದ ದಾರಿ: ಐದು ಸೆಕೆಂಡಿಗೊಮ್ಮೆ ಬ್ರೌಸರ್ ಹಿನ್ನೆಲೆಯಲ್ಲಿ ಸರ್ವರನ್ನು ಕೇಳುವುದು. 200 ಮೊಬೈಲ್‌ಗಳಿದ್ದರೆ ಸೆಕೆಂಡಿಗೆ 40 ಕೋರಿಕೆ; ಬಹುಪಾಲಿಗೆ ಉತ್ತರ "ಹೊಸದಿಲ್ಲ". ಬ್ಯಾಟರಿಯೂ ದಂಡ, ಡೇಟಾವೂ ದಂಡ. ಸಂಪರ್ಕವನ್ನು ತೆರೆದೇ ಇಡುವ ವೆಬ್‌ಸಾಕೆಟ್ ಬಳಸಬಹುದಿತ್ತು. ಆದರೆ ಅದು ಎರಡೂ ಕಡೆಯವರು ಮಾತಾಡುವಲ್ಲಿ ಬೇಕಾದದ್ದು. ಇಲ್ಲಿ ಬೆಳೆಗಾರನದು ಕೇಳುವ ಕೆಲಸ ಮಾತ್ರ. ಹಾಗಾಗಿ ಸರ್ವರ್ ಮಾತ್ರ ಸಂದೇಶ ಕಳಿಸುತ್ತಾ ಹೋಗುವ ಸರ್ವರ್-ಸೆಂಟ್ ಈವೆಂಟ್ಸ್ ವಿಧಾನ ಆರಿಸಿಕೊಂಡೆ. ಇದು ಮಾಮೂಲಿ ಎಚ್‌ಟಿಟಿಪಿ ಉತ್ತರವೇ, ಮುಗಿಯುವುದಿಲ್ಲ ಅಷ್ಟೆ. ಸಂಪರ್ಕ ಕಡಿದರೆ ಬ್ರೌಸರ್ ತಾನಾಗಿ ಮತ್ತೆ ಜೋಡಿಸಿಕೊಂಡು, ಕೊನೆಗೆ ಸಿಕ್ಕ ಸಂದೇಶದ ಸಂಖ್ಯೆಯನ್ನು ಸರ್ವರಿಗೆ ಹೇಳುತ್ತದೆ. ಮುಂದಿನವನ್ನು ಸರ್ವರ್ ಕಳಿಸಿದರಾಯಿತು. ಮಧ್ಯದ ಪ್ರಾಕ್ಸಿಯಲ್ಲಿ (ಸರ್ವರಿಗೂ ಬ್ರೌಸರಿಗೂ ನಡುವೆ ಸಂದೇಶ ದಾಟಿಸುವ ಯಂತ್ರ) ಬಫರಿಂಗ್, ಅಂದರೆ ಸಂದೇಶಗಳನ್ನು ಕೂಡಿಟ್ಟು ಕಳಿಸುವುದನ್ನು, ನಿಲ್ಲಿಸಲು ಮರೆತಿದ್ದರಿಂದ ಮೊದಲ ದಿನ ದರಗಳು ಕಂತೆಯಾಗಿ ಬಂದವು. ಅದನ್ನು ಬೇಗ ಸರಿಪಡಿಸಿದೆ.

ನಿಜವಾದ ಪೆಟ್ಟು ಬಿದ್ದದ್ದು ಬೇರೆಡೆ. ಕುಮಟಾಕ್ಕೆ ಹೋಗುತ್ತಿದ್ದ ಅಪ್ಪಚ್ಚಿ (ಚಿಕ್ಕಪ್ಪ) ಫೋನ್ ಮಾಡಿ, "ತಮ್ಮಾ, ಸಿಗ್ನಲ್ ಬಂದು ಎಷ್ಟೋ ಹೊತ್ತಾಯಿತು, ದರ ಮಾತ್ರ ಅಲ್ಲಿಯೇ ನಿಂತಿದೆ" ಎಂದರು. ಮಾರನೆಯ ದಿನ ನಾನೇ ಬಸ್ ಹತ್ತಿದೆ. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೋಯಿತು, ಕತಗಾಲದಲ್ಲಿ ಬಂತು. ಪುಟ ಅಲುಗಲಿಲ್ಲ. ಸಂಪರ್ಕ ಸದ್ದಿಲ್ಲದೆ ಸತ್ತಿತ್ತು. ಬ್ರೌಸರಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ. ಮತ್ತೆ ಜೋಡಿಸಲು ಅದಕ್ಕೆ ಕಾರಣವೇ ಇರಲಿಲ್ಲ.

ಸಂಪರ್ಕ ಜೀವಂತವಾಗಿರಲೆಂದು ಹದಿನೈದು ಸೆಕೆಂಡಿಗೊಮ್ಮೆ ಕೋಲನ್‌ನಿಂದ ಶುರುವಾಗುವ ಟಿಪ್ಪಣಿ ಸಾಲು ಕಳಿಸುತ್ತಿದ್ದೆ. ಆದರೆ ಆ ಸಾಲನ್ನು ಬ್ರೌಸರ್ ಓದಿ ಬಿಟ್ಟುಬಿಡುತ್ತದೆ, ಪುಟದ ಜಾವಾಸ್ಕ್ರಿಪ್ಟಿಗೆ ಕಾಣಿಸುವುದಿಲ್ಲ. ಅದರ ಬದಲು "ಬಡಿತ" ಎಂಬ ಹೆಸರಿನ ನಿಜವಾದ ಸಂದೇಶವನ್ನೇ ಕಳಿಸಿದೆ, ಸಂಖ್ಯೆ ಕೊಡದೆ. 40 ಸೆಕೆಂಡು ಬಡಿತ ಕೇಳದಿದ್ದರೆ ಪುಟ ಹಳೆಯ ಸಂಪರ್ಕ ಮುಚ್ಚಿ ಹೊಸದನ್ನು ತೆರೆಯುತ್ತದೆ. ಇಲ್ಲೊಂದು ಗುಂಡಿಯಿದೆ, ಗಮನಿಸಿ: ನಾವೇ ಹೊಸದಾಗಿ ತೆರೆದ ಸಂಪರ್ಕಕ್ಕೆ ಹಿಂದಿನ ಸಂಖ್ಯೆ ಗೊತ್ತಿರುವುದಿಲ್ಲ. ಅದನ್ನು ನೆನಪಿಟ್ಟುಕೊಂಡು ವಿಳಾಸದಲ್ಲಿಯೇ ಸೇರಿಸಬೇಕು.

ಮುಂದಿನ ಟೆಂಡರಿನ ದಿನ ಅದೇ ಬಸ್ಸು ಹಿಡಿದೆ. ಕತಗಾಲ ದಾಟುವಷ್ಟರಲ್ಲಿ ಘಟ್ಟದಲ್ಲಿ ತಪ್ಪಿದ್ದ ಲಾಟ್‌ಗಳ ದರಗಳು ಒಂದರ ಕೆಳಗೊಂದು ಸಾಲಾಗಿ ಇಳಿದವು. ಅಲ್ಲಿಂದಲೇ ಅಪ್ಪಚ್ಚಿಗೆ ಫೋನ್ ಮಾಡಿದೆ.